ಪಂಪ್ ಗುಂಯ್ ಅನ್ನುತ್ತೆ, ನೀರು ಹೋಗಲ್ಲ

ಪ್ರಶ್ನೆ: ಫ್ರಂಟ್ ಲೋಡ್ ವಾಷಿಂಗ್ ಮಷೀನು. ಫಿಲ್ಟರ್ ತೊಳೆದರೂ ಡ್ರೈನ್ ಆಗ್ತಿಲ್ಲ. ಪಂಪೇ ಬದಲಿಸಬೇಕಾ?

ಉತ್ತರ 1: ತಡೀರಿ. ಗುಂಯ್ ಅಂತಿದೆ ಅಂದರೆ ಪಂಪಿಗೆ ಕರೆಂಟ್ ಬರ್ತಿದೆ. ಪ್ಲಗ್ ಕಿತ್ತು, ನೀರು ಬಸಿದು, ಫಿಲ್ಟರ್ ಗೂಡಿಗೆ ಟಾರ್ಚ್ ಬಿಡಿ. ಒಳಗಿರೋ ಇಂಪೆಲ್ಲರನ್ನು (ನೀರು ತಳ್ಳೋ ಪುಟ್ಟ ರೆಕ್ಕೆಚಕ್ರ) ಕಡ್ಡಿಯಿಂದ ತಿರುಗಿಸಿ. ತಡೆತಡೆದು ತಿರುಗಿದರೆ ಸರಿ, ಒಳಗಿನ ಆಯಸ್ಕಾಂತದಿಂದ ಹಾಗೆ. ಅಲುಗಾಡಿದರೆ, ಶಾಫ್ಟ್ ಬಿಟ್ಟು ತಾನೇ ಗಿರಗಿರ ಸುತ್ತಿದರೆ ಪಂಪ್ ಹೋಗಿದೆ. ದಾರ, ಕೂದಲು ಸುತ್ತಿದ್ದರೆ ಅದನ್ನು ತೆಗೆದರೆ ಸಾಕು.

ಉತ್ತರ 2: ಡ್ರೈನ್ ಪೈಪ್ ಮಡಚಿದೆಯಾ, ಕಟ್ಟಿದೆಯಾ ಅದನ್ನೂ ನೋಡಿ.

ಉತ್ತರ 3: ಬದಲಿಸೋದೇ ಆದರೆ ಹಳೇ ಪಂಪಿನ ಲೇಬಲ್, ಕನೆಕ್ಟರ್, ಸ್ಕ್ರೂ ತೂತುಗಳ ಫೋಟೊ ತೆಗೆದು ಅದಕ್ಕೆ ಹೊಂದೋದನ್ನೇ ತನ್ನಿ. ಪೈಪಿನ ಕ್ಲಿಪ್ ಹಳೇ ಗುರುತಿನ ಮೇಲೇ ಕೂರಬೇಕು, ಇಲ್ಲದಿದ್ದರೆ ಅಲ್ಲೇ ಸೋರಬಹುದು. ಬಟ್ಟೆ ಹಾಕದೆ ಒಂದು ರಿನ್ಸ್ ಓಡಿಸಿ, ಕೆಳಗೆ ಒಣ ಪೇಪರ್ ಹಾಸಿ ನೋಡಿ.