ಹೆಸರಿಗೆ ಮಾತ್ರ ಸಾಗರ

ಗಣಪತಿ ಕೆರೆ ಹತ್ರ ಚಾ ಕುಡೀತಾ ಕೂತಿದ್ವಿ, ಭಾವ ಚಪ್ಪಲಿ ಬಿಟ್ಟು ಅಂಗಾಲಿನ ಬೊಬ್ಬೆ ಎಲ್ರಿಗೂ ತೋರಿಸ್ತಾ ಇದ್ದ. ಹೋದ ಭಾನುವಾರದ ಸಂಪಾದನೆ ಅದು. ಊರಿನ ಹೆಸರು ಸಾಗರ ಅಂತೆ, ಸಮುದ್ರ ನೋಡಕ್ಕೆ ಘಟ್ಟ ಇಳಿದು ಹೊನ್ನಾವರದ ತನಕ ಹೆಚ್ಚುಕಮ್ಮಿ 90 ಕಿಲೋಮೀಟ್ರು ಹೋಗ್ಬೇಕಂತೆ, ಇದೆಂಥ ಮೋಸ ಅಂತ ಶುರು ಹಚ್ಚಿದ್ದೇ ಇವನು. "ಸದಾಶಿವ ಸಾಗರ ಅಂದ್ರೆ ಇದೇ ಕೆರೆ ಕಣಾ, ಕೆಳದಿ ನಾಯಕರ ಕಾಲದ್ದು" ಅಂದ್ರು ಮೇಷ್ಟ್ರು. "ಅಲೆ ಬರತ್ತಾ ಇದ್ರಲ್ಲಿ?" ಅಂದ ಭಾವ. ಅಲ್ಲಿಗೆ ಪ್ಲ್ಯಾನ್ ಆಯ್ತು.

ಶರಾವತಿ ಸೇತುವೆ ದಾಟಿ ಸ್ವಲ್ಪ ಮುಂದೆ ಬಸ್ ಇಳಿದ್ವಿ. ರಿಕ್ಷಾ ಇತ್ತು. ಭಾವಂಗೆ ಬೇಡ, ಕೊಡಚಾದ್ರಿ ಹತ್ತಿದ ಕಾಲು ಮಾರಾಯ ಇದು, ಗದ್ದೆ ಮೇಲೆ ನಡ್ದೇ ಹೋಗಣ ಅಂದ. ಭತ್ತ ಕೊಯ್ದ ಗದ್ದೇಲಿ ಶೇಂಗಾ ಕೀಳ್ತಿದ್ದ ಅಮ್ಮನ ಹತ್ರ ಸಮುದ್ರ ಎಷ್ಟು ದೂರ ಅಂತ ಕೇಳಿದ್ವಿ. "ಇಲ್ಲೇ, ಸದ್ದು ಕೇಳ್ತಿಲ್ವಾ?" ಅಂದ್ರು.

ಕೇಳ್ತಿತ್ತು. ಮುಕ್ಕಾಲು ಗಂಟೆ ಬರೀ ಕೇಳ್ತಾನೇ ಇತ್ತು!

ಗದ್ದೆ ಅಂಚು ಹಿಡಿದು ಹೋದ್ರೆ ತೆಂಗಿನ ತೋಟ, ತೋಟದ ಕೊನೆಗೆ ಬೇಲಿ, ಬೇಲಿ ಆಚೆ ನಾಯಿ, ವಾಪಸ್ ಬಂದು ಬೇರೆ ಅಂಚು, ಅದೂ ತಿರುಗಿ ಅದೇ ಶೇಂಗಾ ಗದ್ದೆಗೆ ತಂದು ಬಿಡ್ತು, ಆ ಅಮ್ಮ "ನೋಡ್ಕಂಡು ಬಂದ್ರಾ?" ಅಂತ ಕೇಳಿದ್ರು. ಏನ್ ಹೇಳೋದು! ಒಂದು ಹಿಡಿ ಹಸಿ ಶೇಂಗಾ ಕೊಟ್ರು ಪಾಪ. ನಮ್ಮಲ್ಲಾದ್ರೆ ಮರದ ಕೆಳಗೆ ನಿಂತ್ರೆ ಬೆವರು ಆರತ್ತೆ, ಅಲ್ಲಿ ಗಾಳೀಲೇ ನೀರು ತುಂಬಿರೋವಾಗ ಆರೋದೆಲ್ಲಿಗೆ? ಮಳೆಗಾಲದಲ್ಲೂ ನಾನು ಅಷ್ಟು ನೆನೆದಿಲ್ಲ. ಬೇಸಿಗೇಲಿ ಕೊಡೆ ಯಾಕೆ ಅಂತ ಬಸ್ಸಲ್ಲಿ ಮೇಷ್ಟ್ರನ್ನ ಆಡ್ಕೊಂಡಿದ್ವಿ, ಆಮೇಲೆ ಮೂರೂ ಜನ ಅದೇ ಕೊಡೆ ಕೆಳಗೆ.

ಕೊನೆಗೂ ಮರಳು ಸಿಕ್ತು, ಅಷ್ಟರಲ್ಲಿ ಭಾವನ ಹವಾಯಿ ಚಪ್ಪಲಿ ಬಾರು ಕಿತ್ತು ಬಂತು. ಏಪ್ರಿಲ್ ಮಧ್ಯಾಹ್ನ ಬರಿಗಾಲು, ಕೋಳಿ ಥರ ಕುಣೀತಾ ಇದಾನೆ, ಮೇಷ್ಟ್ರು ಪಾಠ ಶುರು ಮಾಡಿದ್ರು: "ನೆಲ ಬೇಗ ಕಾಯತ್ತೆ, ನೀರು ನಿಧಾನ, ಹಂಗಾಗೇ ಹಗಲು ಸಮುದ್ರದಿಂದ ಗಾಳಿ ಬೀಸೋದು..." "ಮೇಷ್ಟ್ರೇ, ಕಾಲು ಸುಡ್ತಾ ಇದೆ!" "ಅದನ್ನೇ ಅಲ್ದನಾ ನಾನು ಹೇಳ್ತಿರೋದು?"

ನೀರಿಗೆ ಬಿದ್ದವನು ಒಂದು ಗುಟುಕು ಕುಡಿದೇಬಿಟ್ಟ. ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ ಬಂದ ನಮ್ಮ ಶರಾವತಿಗೆ ಇವ್ರು ಎಷ್ಟು ಉಪ್ಪು ಸುರಿದಿದಾರೆ ನೋಡು ಅಂತ ಅವನ ದೂರು. ಜೋಗಕ್ಕಿಂತ ಮುಂಚೆನೇ ಲಿಂಗನಮಕ್ಕಿಲಿ ತಡೆದಿದೀವಲ್ಲೋ ಅಂದೆ, ಕಿವಿಗೇ ಹಾಕ್ಕೊಳ್ಳಲಿಲ್ಲ.

ಇವತ್ತೂ ಅದೇ ರಾಗ, ಆ ಅಮ್ಮನ "ಇಲ್ಲೇ" ನಂಬಿ ಕೆಟ್ಟೆ, ದೂರ ಕೇಳಿದವ್ರಿಗೆ ಸರಿಯಾಗಿ ಹೇಳ್ಬಾರ್ದಾ ಅಂತ. ಅಷ್ಟರಲ್ಲಿ ಬೆನ್ನಿಗೆ ಬ್ಯಾಗ್ ಹಾಕ್ಕೊಂಡಿದ್ದ ಇಬ್ರು ಹುಡುಗ್ರು ಬಂದು, ಇಕ್ಕೇರಿ ದೇವಸ್ಥಾನಕ್ಕೆ ನಡ್ಕೊಂಡು ಹೋಗಬಹುದಾ ಅಂತ ಕೇಳಿದ್ರು. 5-6 ಕಿಲೋಮೀಟ್ರು, ನೆತ್ತಿ ಮೇಲೆ ಬಿಸಿಲು.

ಭಾವ ಲೋಟ ಕೆಳಗಿಡದೇ ಕೈ ತೋರಿಸಿದ, "ಓ, ಇಲ್ಲೇ."