ರ‍್ಯಾಮ್ ‘ತೆಗೆದು ಹಾಕಿ’ ಎಂದರೆ ಏನು ಮಾಡಬೇಕು?

ಗೆಳೆಯರೇ,

ನಮ್ಮೂರಿನ ಡಿಟಿಪಿ ಅಂಗಡಿಗಳ ಹುಡುಗರಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವರ್ಕ್‌ಸ್ಟೇಷನ್‌ಗೆ ಹೆಚ್ಚಿನ ರ‍್ಯಾಮ್ (ಮೆಮೊರಿ ಪಟ್ಟಿ) ಹಾಕಿಸಿದ ಮೇಲೆ ಅದು ಮೊಂಡಾಟ ಶುರು ಮಾಡಿದರೆ ಏನೇನು ನೋಡಬೇಕು ಎಂಬುದು ವಿಷಯ. ಮೊದಲ ಹೆಜ್ಜೆಯಲ್ಲೇ ಒಂದು ಮಾತು ಅಡ್ಡ ಬಂದಿದೆ.

ರಿಪೇರಿಯವರಿಗೆ ಫೋನ್ ಮಾಡಿದರೆ ಮೊದಲು ಹೇಳುವುದೇ “ರ‍್ಯಾಮ್ ಒಂದ್ಸಲ ತೆಗೆದು ಹಾಕಿ” ಅಂತ. ಅಂದರೆ ಹೊರಗೆ ತೆಗೆದು, ಅದನ್ನೇ ಮತ್ತೆ ಸ್ಲಾಟಿಗೆ ಹಾಕಿ. ನಮ್ಮ ಮೊಬೈಲುಗಳ ಕನ್ನಡ ಮೆನುವಿನಲ್ಲಿ ‘ತೆಗೆದುಹಾಕಿ’ ಎಂದರೆ ಇಲ್ಲದಂತೆ ಮಾಡಿ ಅಂತ. ಎರಡಕ್ಕೂ ನಡುವೆ ಇರುವುದು ಒಂದು ಸ್ಪೇಸ್, ಅಷ್ಟೇ. ಮಾತಿನಲ್ಲಿ ತೊಂದರೆ ಇಲ್ಲ. ಬೇಡವಾದದ್ದಕ್ಕೆ ‘ತೆಗ್ದಾಕು’ ಎನ್ನುತ್ತೇವೆ, ಇನ್ನೊಂದಕ್ಕೆ ‘ತೆಗ್ದು, ಹಾಕು’ ಅಂತ ಒಂಚೂರು ತಡೆದು ಹೇಳುತ್ತೇವೆ. ಬರಹದಲ್ಲಿ ಆ ತಡೆ ಯಾರ ಕಣ್ಣಿಗೆ ಬೀಳುತ್ತದೆ? ಕೈಪಿಡಿಯಲ್ಲಂತೂ ಎರಡೂ ಕೆಲಸ ಒಂದರ ಹಿಂದೊಂದು ಬರುತ್ತವೆ. ಮೊದಲು ಎಲ್ಲವನ್ನೂ ತೆಗೆದು ಹಾಕಬೇಕು. ಆಮೇಲೆ ಒಂದನ್ನು ಮಾತ್ರ ಉಳಿಸಿ, ಬಾಕಿಯದನ್ನು ತೆಗೆದುಹಾಕಬೇಕು!

ಸದ್ಯಕ್ಕೆ ಮೊದಲನೆಯದಕ್ಕೆ ‘ತೆಗೆದು ಮತ್ತೆ ಕೂರಿಸಿ’ ಎಂದು ಬರೆದಿದ್ದೇನೆ. “ರ‍್ಯಾಮ್ ಸರಿಯಾಗಿ ಕೂತಿಲ್ಲ” ಎಂಬ ಮಾತು ಹೇಗೂ ಬಳಕೆಯಲ್ಲಿದೆ. ಕ್ಲಿಪ್ ಟಕ್ ಅಂದರೆ ಕೂತಿತು ಅಂತ ಲೆಕ್ಕ. ಎರಡನೆಯದಕ್ಕೆ ಸುಮ್ನೆ ‘ಬಿಚ್ಚಿಡಿ’. ಧಾರವಾಡದ ಕಡೆಯವರು ಕೂಡ್ರಿಸು, ಕುಂದ್ರಿಸು ಎನ್ನುತ್ತಾರೆ. ಆದರೂ ‘ಕೂರಿಸಿ’ ಅಲ್ಲಿಯೂ ಅರ್ಥವಾದೀತು ಅಂದುಕೊಂಡಿದ್ದೇನೆ.

ಇದಕ್ಕಿಂತ ಜಾಸ್ತಿ ತಲೆ ತಿಂದಿರುವುದು ಇನ್ನೊಂದು ಮಾತು: “ರ‍್ಯಾಮ್ ಹೋಗಿದೆ”. ಏನೇ ಆದರೂ ರ‍್ಯಾಮ್ ಹೋಗಿದೆ. ಒಂದು ಉದಾಹರಣೆ ಕೊಡುತ್ತೇನೆ. ಯಂತ್ರದಲ್ಲಿ 16 ಜಿಬಿಯ ಎರಡು ಡಿಡಿಆರ್4 ಬಗೆಯ ರ‍್ಯಾಮ್ ಇದ್ದವು. ಬೇರೆ ಕಂಪನಿಯ ಇನ್ನೆರಡನ್ನು ಸೇರಿಸಿ 64 ಜಿಬಿ ಮಾಡಿದರು. ಆಮೇಲೆ ದೊಡ್ಡ ಪಿಡಿಎಫ್ ಮಾಡುವಾಗಲೆಲ್ಲ ನೀಲಿ ಪರದೆ ಬಂದು ಯಂತ್ರ ನಿಂತುಬಿಡುತ್ತಿತ್ತು. ಹಳೆಯ ಜೋಡಿಯನ್ನಷ್ಟೇ ಇಟ್ಟು, ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್ ಓಡಿಸಿದರೆ ಒಂದೂ ಎರರ್ ಇಲ್ಲ. ಹೊಸ ಜೋಡಿಯನ್ನಷ್ಟೇ ಇಟ್ಟರೂ ಇಲ್ಲ. ನಾಲ್ಕನ್ನೂ ಹಾಕಿದರೆ ಪರದೆ ತುಂಬ ಎರರ್. ಬಯೋಸ್‌ಗೆ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿದರೆ ಮತ್ತೆ ಎಲ್ಲ ಸರಿ!

ಇಲ್ಲಿ ‘ಹೋಗಿರುವುದು’ ಯಾವುದು? ಯಾವುದೂ ಇಲ್ಲ. ಎಕ್ಸ್‌ಎಂಪಿ ಆನ್ ಇದ್ದರೆ ಡಿಡಿಆರ್4 ರ‍್ಯಾಮ್ 2133ರ ಬದಲು 3200ರ ವೇಗದಲ್ಲಿ, 1.2ರ ಬದಲು 1.35 ವೋಲ್ಟಿನಲ್ಲಿ ಓಡುವುದು ಸಾಮಾನ್ಯ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೆ. ಎರಡನ್ನು ಆ ವೇಗದಲ್ಲಿ ಓಡಿಸುವ ಕಂಟ್ರೋಲರಿಗೆ ನಾಲ್ಕು ಭಾರವಾಗಬಹುದು. ಇದನ್ನು ‘ಮೆಮೊರಿ ದೋಷ’ ಎಂದು ಬರೆದರೆ ಓದಿದವನು ನೇರ ಅಂಗಡಿಗೆ ಹೋಗಿ ಒಳ್ಳೆಯ ರ‍್ಯಾಮನ್ನು ಬದಲಿಸಿಕೊಂಡು ಬರುತ್ತಾನೆ. (‘ಸ್ಮರಣೆಯ ದೋಷ’ ಎಂದರೆ ಡಾಕ್ಟರ ಹತ್ತಿರ ಹೋದಾನು.)

ಅದಕ್ಕೇ ‘ದೋಷ’ವನ್ನು ಕೈಬಿಟ್ಟು ಮೂರು ಮಾತು ಇಟ್ಟುಕೊಂಡಿದ್ದೇನೆ. ಚಿಪ್ಪಿಗೇ ಏಟು ಬಿದ್ದಿದ್ದರೆ ‘ಕೆಟ್ಟಿದೆ’. ಬರೆದದ್ದು ಒಂದು, ಓದಿದಾಗ ಬಂದದ್ದು ಇನ್ನೊಂದು ಎಂದಾದರೆ ‘ತಪ್ಪು’. ಬಿಡಿಬಿಡಿಯಾಗಿ ಚೆನ್ನಾಗಿದ್ದು, ಜೊತೆಗಿಟ್ಟಾಗ ಕೈ ಕೊಟ್ಟರೆ ‘ಒಗ್ಗುತ್ತಿಲ್ಲ’. ಹೊಸ ಊರಿನ ನೀರು ಒಗ್ಗಲಿಲ್ಲ ಎನ್ನುತ್ತೇವಲ್ಲ, ಹಾಗೆ. ಅದರಲ್ಲಿ ನೀರಿನದೂ ತಪ್ಪಿಲ್ಲ, ಕುಡಿದವರದೂ ತಪ್ಪಿಲ್ಲ. ‘ಹೊಂದಾಣಿಕೆ’ ಎಂದರೆ ಚುನಾವಣೆಯ ವಾಸನೆ ಬರುತ್ತದೆ. ಅಂಗಡಿಯವರ ‘ಸೆಟ್ ಆಗ್ತಿಲ್ಲ’ ಚೆನ್ನಾಗಿದೆ, ಆದರೆ ಬರಹಕ್ಕೆ ಸ್ವಲ್ಪ ಸಡಿಲ.

ತಪ್ಪಿನಲ್ಲೂ ಎರಡು ಬಗೆ. ಮೆಮ್‌ಟೆಸ್ಟ್ ಪ್ರತಿ ತಪ್ಪಿನ ವಿಳಾಸ ತೋರಿಸುತ್ತದೆ. ಅದೇ ವಿಳಾಸದಲ್ಲಿ ಅದೇ ಬಿಟ್ (0 ಅಥವಾ 1 ಆಗಿರುವ ಒಂದು ಅಂಕಿ) ಮತ್ತೆ ಮತ್ತೆ ಸಿಕ್ಕಿಬಿದ್ದರೆ ಅದು ‘ಕಾಯಂ ತಪ್ಪು’. ಆಗ ಆ ರ‍್ಯಾಮನ್ನು ಬೇರೆ ಸ್ಲಾಟಿಗೆ ಹಾಕಿ ನೋಡಬೇಕು. ತಪ್ಪು ರ‍್ಯಾಮಿನ ಹಿಂದೆಯೇ ಹೋಯಿತೋ, ಸ್ಲಾಟಿನಲ್ಲೇ ಉಳಿಯಿತೋ ಗೊತ್ತಾಗುತ್ತದೆ. ಒಮ್ಮೆ ಕಂಡು ಆಮೇಲೆ ಎಷ್ಟು ಹುಡುಕಿದರೂ ಸಿಗದಿದ್ದರೆ ‘ಬಂದುಹೋಗುವ ತಪ್ಪು’. ಬಾಹ್ಯಾಕಾಶದಿಂದ ಬರುವ ಕಣಗಳೂ ಬಿಟ್ಟನ್ನು ಮಗುಚಬಲ್ಲವು. ಚಿಪ್ಪಿನ ಹೊದಿಕೆಯಿಂದಲೇ ಹೊಮ್ಮುವ ಆಲ್ಫಾ ಕಣಗಳಿಂದಲೂ ಹೀಗಾಗುತ್ತದೆ ಎಂದು ಇಂಟೆಲ್‌ನವರು 1978ರಲ್ಲೇ ತೋರಿಸಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಸಾಫ್ಟ್ ಎರರ್ ಎನ್ನುತ್ತಾರೆ. ‘ಮೃದು ದೋಷ’ ಅಂತ ಮಾತ್ರ ದಯವಿಟ್ಟು ಸೂಚಿಸಬೇಡಿ.

ನನಗೆ ಬೇಕಾದದ್ದು ಇಷ್ಟು. ‘ಒಗ್ಗು’ ಯಂತ್ರದ ಭಾಗಗಳಿಗೆ ಹೊಂದುತ್ತದೆಯೇ, ಅಥವಾ ಜೀವ ಇರುವವರಿಗಷ್ಟೇ ಹೇಳುವ ಮಾತಾಗಿ ಕೇಳಿಸುತ್ತದೆಯೇ? ಗ್ಯಾರೇಜು, ಪಂಪ್‌ಸೆಟ್ ರಿಪೇರಿಯ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ತಿಳಿಸಿ. ಕರಾವಳಿಯವರೂ ಕಲಬುರಗಿ ಕಡೆಯವರೂ ‘ತೆಗೆದು ಮತ್ತೆ ಕೂರಿಸು’ವುದಕ್ಕೆ ಒಂದೇ ಪದದಲ್ಲಿ ಏನಾದರೂ ಅನ್ನುತ್ತೀರಾ? ಅದು ಸಿಕ್ಕರೆ ಕೈಪಿಡಿಯನ್ನು ಅಚ್ಚಿಗೆ ಕೊಡುತ್ತೇನೆ.