ಸಹಾಯ ಬೇಕು: ಬೆಂಕಿಪೊಟ್ಟಣ ಇಲ್ಲದೆ ಬೆಂಕಿ ಹೊತ್ತಿಸಲು ಯಾವ ಮರ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ರಜೆಗೆ ಬರುವ ಮಕ್ಕಳಿಗೆ ಮರಕ್ಕೆ ಮರ ಉಜ್ಜಿ ಬೆಂಕಿ ಮಾಡಿ ತೋರಿಸಬೇಕು ಅಂತ ತುಂಬಾ ಆಸೆ. ಕಾಡಿನಲ್ಲಲ್ಲ, ನಮ್ಮ ಕಾಫಿ ಕಣದಲ್ಲೇ, ಪಕ್ಕದಲ್ಲಿ ನೀರು ಇಟ್ಟುಕೊಂಡು.

ಬಿಲ್ಲಿಗೆ ಬಾಳೆನಾರಿನ ಹಗ್ಗ ಕಟ್ಟಿ, ಅದರಿಂದ ಕೋಲು ತಿರುಗಿಸುತ್ತಿದ್ದೇವೆ. ಹೊಗೆ ಚೆನ್ನಾಗಿಯೇ ಬರುತ್ತದೆ. ಆದರೆ ಕೆಳಗಿನ ಹಲಗೆಯ ಕಚ್ಚಿನಲ್ಲಿ ಬೀಳುವ ಪುಡಿ ಕಂದು ಬಣ್ಣದಲ್ಲೇ ಇರುತ್ತದೆ, ಮುಟ್ಟಿದರೆ ತರಿತರಿ. ಕಪ್ಪಗೆ ನುಣ್ಣಗೆ ಆದರೆ ತಾನೇ ಕೆಂಡ ಹಿಡಿಯೋದು? ಅಷ್ಟರಲ್ಲಿ ಹಗ್ಗ ಜಾರುತ್ತದೆ, ಇಲ್ಲಾ ಸವೆದು ತುಂಡಾಗುತ್ತದೆ.

ಕೆಂಡ ಸಿಕ್ಕರೆ ಮುಂದಿನದಕ್ಕೆ ಚಿಂತೆಯಿಲ್ಲ. ಬೈನೆ ಮರದ ಎಲೆಬುಡದ ಹತ್ತಿಯಂಥ ನಾರು, ತೆಂಗಿನ ನಾರು, ಸಿಲ್ವರ್ ಓಕ್ ತರಗೆಲೆ ಎಲ್ಲಾ ಒಲೆ ಮೇಲಿನ ಅಟ್ಟದಲ್ಲಿ ಗರಿಗರಿಯಾಗಿವೆ.

ಯಜ್ಞದ ಅರಣಿಗೆ (ಕಡೆದು ಬೆಂಕಿ ಹುಟ್ಟಿಸುವ ಮರದ ತುಂಡಿಗೆ) ಅಶ್ವತ್ಥದ ಮರ ಬಳಸುತ್ತಾರೆ, ಅಲ್ವಾ? ನಮ್ಮ ತೋಟದಲ್ಲಿ ಸಿಗುವುದರಲ್ಲಿ ಯಾವುದು ಆಗಬಹುದು? ಹಾಲುವಾಣದ ಮರ ಹಗುರ, ಮೆತ್ತಗಿದೆ. ಹಲಗೆಗೆ ಅದು ಸಾಕಾ? ಮಲೆನಾಡಿನ ತೇವಕ್ಕೆ ಸೌದೆ ಎಷ್ಟು ಒಣಗಿಸಬೇಕು?

ಒಣ ಬಿದಿರಿನ ಸೀಳನ್ನು ಗರಗಸದ ಹಾಗೆ ಉಜ್ಜಿ ಬೆಂಕಿ ಮಾಡಿದವರು ಯಾರಾದರೂ ಇದ್ದೀರಾ? ಅದಕ್ಕೆ ಹಗ್ಗವೇ ಬೇಡ, ನಮಗೆ ಅದೇ ಸರಿ ಅನ್ನಿಸುತ್ತಿದೆ. ದಯವಿಟ್ಟು ಕಚ್ಚು ಹಾಕಿದ ಜಾಗದ ಒಂದು ಫೋಟೋ ಹಾಕಿ.